ಕೈಗಾ ಪಕ್ಕದಲ್ಲೇ ಇದ್ದರೂ ಕರೆಂಟಿನ ಖರ್ಚು ಯಾಕೆ ಇಳಿಯುವುದಿಲ್ಲ?

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ (ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಕರೆಂಟು ತೆಗೆಯುವ ಯೋಜನೆ) ವಿವಾದ ಏರಿದಾಗಿನಿಂದ ಉತ್ತರ ಕನ್ನಡದಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ಕೇಳಿಬರುತ್ತಿದೆ. ಕಾಳಿ ನದಿ ಕೊಟ್ಟದ್ದು ನಾವು, ಶರಾವತಿ ಕೊಟ್ಟದ್ದು ನಾವು, ಕೈಗಾ ಅಣುಸ್ಥಾವರಕ್ಕೆ ಜಾಗ ಬಿಟ್ಟದ್ದೂ ನಾವು. ಹಾಗಿದ್ದ ಮೇಲೆ ಕುಮಟಾದ ಗಿರಣಿಗೂ ಬೆಂಗಳೂರಿನ ಗಿರಣಿಗೂ ಒಂದೇ ದರ ಯಾಕೆ? ಇದರ ಜೊತೆಗೆ 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಮೂರು ವರ್ಷದ ದರವನ್ನು ಒಂದೇ ಸಲ ಪ್ರಕಟಿಸಿತು. ಯೂನಿಟ್ ದರ ಇಳಿದರೂ ನಿಗದಿತ ಶುಲ್ಕ ಏರಿತು. ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಆ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆಯ ಸರ್ಚಾರ್ಜ್ ಬಿಲ್ಲಿನಲ್ಲಿ ಹೊಸ ಸಾಲಾಗಿ ಬಂತು. ‘ದರ ಇಳಿಸಿದ್ದೇವೆ’ ಎಂಬ ಹೇಳಿಕೆಯೂ ‘ಬಿಲ್ಲು ಏರಿದೆ’ ಎಂಬ ಅನುಭವವೂ ಒಟ್ಟಿಗೇ ಬಂದವು. ಗೊಂದಲವಾಗದೆ ಇರುತ್ತದೆಯೇ?

ಊರು ಬದಲಾದರೆ ಇಂಧನದ ಖರ್ಚೂ ಬದಲಾಗುತ್ತದೆ ಎಂಬುದು ನಿಜ. ಆದರೆ ಆ ವ್ಯತ್ಯಾಸದ ಬಹುಪಾಲು ದರಪಟ್ಟಿಯಲ್ಲಿ ಕಾಣುವುದಿಲ್ಲ. ತಂತಿಯ ಉದ್ದ, ಉಪ್ಪುಗಾಳಿ, ಮಳೆಗಾಲ, ಗಿರಾಕಿಗಳ ಸಂಖ್ಯೆ, ಘಟ್ಟದ ರಸ್ತೆ ಇವುಗಳಲ್ಲಿ ಅದು ಅಡಗಿದೆ.

ಬಿಲ್ಲಿನಲ್ಲಿ ಏನೇನಿದೆ

ಸಣ್ಣ ಉದ್ದಿಮೆಯ ಬಿಲ್ಲಿನಲ್ಲಿ ಎರಡು ದೊಡ್ಡ ಭಾಗಗಳಿವೆ. ಮಂಜೂರಾದ ಲೋಡಿನ (ಒಂದೇ ಸಲಕ್ಕೆ ಎಳೆಯಲು ಅನುಮತಿ ಪಡೆದ ವಿದ್ಯುತ್) ಮೇಲೆ ಕಿಲೋವ್ಯಾಟ್ ಲೆಕ್ಕದಲ್ಲಿ ಬೀಳುವ ನಿಗದಿತ ಶುಲ್ಕ ಒಂದು, ಓಡಿಸಿದ ಯೂನಿಟ್‌ಗೆ ತಕ್ಕ ಶುಲ್ಕ ಇನ್ನೊಂದು. ಇವುಗಳ ಮೇಲೆ ತಿಂಗಳು ತಿಂಗಳು ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕ, ಮೇಲೆ ಹೇಳಿದ ಸರ್ಚಾರ್ಜ್, ಸರ್ಕಾರದ ವಿದ್ಯುತ್ ತೆರಿಗೆ ಸೇರುತ್ತವೆ. ಮೋಟಾರು ಹೆಚ್ಚಿದ್ದು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕೆಳಗಿಳಿದರೆ ದಂಡ ಬೇರೆ.

ಸ್ಥಳದ ಪ್ರಭಾವ ಇಲ್ಲೇ ಶುರುವಾಗುತ್ತದೆ. 20 ಎಚ್‌ಪಿಯ ಎರಡು ಹಿಟ್ಟಿನ ಗಿರಣಿಗಳಿವೆ ಎಂದುಕೊಳ್ಳಿ. ಒಂದು ಶಿರಸಿ ಪೇಟೆಯಲ್ಲಿ, ಇನ್ನೊಂದು ಸಿದ್ದಾಪುರದಾಚೆಯ ಹಳ್ಳಿಯಲ್ಲಿ. 20 ಎಚ್‌ಪಿ ಎಂದರೆ ಸುಮಾರು 15 ಕಿಲೋವ್ಯಾಟ್. ಲೆಕ್ಕಕ್ಕೆ ಸುಲಭವಾಗಲಿ ಎಂದು ಕಿಲೋವ್ಯಾಟ್‌ಗೆ 150 ರೂಪಾಯಿ ಹಿಡಿದರೆ ಇಬ್ಬರಿಗೂ ತಿಂಗಳಿಗೆ 2,250 ರೂಪಾಯಿ ನಿಗದಿತ ಶುಲ್ಕ. ಪೇಟೆಯ ಗಿರಣಿ ತಿಂಗಳಿಗೆ 1,500 ಯೂನಿಟ್ ಓಡಿಸಿದರೆ ಈ ಶುಲ್ಕ ಯೂನಿಟ್‌ಗೆ ಒಂದೂವರೆ ರೂಪಾಯಿ ಆಯಿತು. ಹಳ್ಳಿಯ ಗಿರಣಿಗೆ ಸುತ್ತಲಿನ ನಾಲ್ಕು ಕೇರಿಯವರಷ್ಟೇ ಬರುತ್ತಾರೆ, 300 ಯೂನಿಟ್ ಓಡುತ್ತದೆ. ಅಲ್ಲಿ ಅದೇ ಶುಲ್ಕ ಯೂನಿಟ್‌ಗೆ ಏಳೂವರೆ ರೂಪಾಯಿ. ಇಬ್ಬರ ದರಪಟ್ಟಿಯೂ ಒಂದೇ, ಆದರೂ ಹಳ್ಳಿಯವನಿಗೆ ಪ್ರತಿ ಯೂನಿಟ್ ಆರು ರೂಪಾಯಿ ತುಟ್ಟಿ.

ಯೂನಿಟ್ ದರ ಇಳಿಸಿ ನಿಗದಿತ ಶುಲ್ಕ ಏರಿಸಿದಾಗ ಯಾರಿಗೆ ಲಾಭ ಎಂಬುದೂ ಇದರಿಂದ ತಿಳಿಯುತ್ತದೆ. ದಿನವಿಡೀ ಓಡುವ ಘಟಕಕ್ಕೆ ಹಗುರಾಗುತ್ತದೆ, ವಾರಕ್ಕೆರಡು ದಿನ ಓಡುವ ಘಟಕಕ್ಕೆ ಭಾರ. ಆಯೋಗದ ವಾದವೂ ಸುಳ್ಳಲ್ಲ. ಟಿಸಿ (ಟ್ರಾನ್ಸ್‌ಫಾರ್ಮರ್), ಕಂಬ, ತಂತಿ ನಿಮ್ಮ ಹೆಸರಿಗೆ ಕಾದುಕೊಂಡಿರುತ್ತವೆ. ನೀವು ಸ್ವಿಚ್ ಹಾಕದಿದ್ದರೂ ಅವುಗಳ ಖರ್ಚು ನಿಲ್ಲುವುದಿಲ್ಲ. ಆದರೆ ಹಳ್ಳಿಯ ಗಿರಣಿಯವನು ಸ್ವಿಚ್ ಹಾಕದಿರುವುದು ಗಿರಾಕಿ ಇಲ್ಲದ್ದಕ್ಕೆ. ಆ ಕಾರಣಕ್ಕೆ ದರಪಟ್ಟಿಯಲ್ಲಿ ಕಾಲಂ ಇಲ್ಲ.

ಇಂಥವರು ಮೊದಲು ನೋಡಬೇಕಾದದ್ದು ಮಂಜೂರಾದ ಲೋಡು. ಹಳೆಯ ಮೋಟಾರು ತೆಗೆದು ಚಿಕ್ಕದು ಹಾಕಿದ ಮೇಲೂ ನಮ್ಮ ಭಾಗಕ್ಕೆ ಕರೆಂಟು ಪೂರೈಸುವ ಹೆಸ್ಕಾಂ ಸಂಸ್ಥೆಯ ದಾಖಲೆಯಲ್ಲಿ ಹಳೆಯ ಎಚ್‌ಪಿಯೇ ಉಳಿದಿರುತ್ತದೆ. ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಲೋಡು) ಹನ್ನೆರಡು ತಿಂಗಳೂ ಮಂಜೂರಾತಿಗಿಂತ ಬಹಳ ಕೆಳಗೇ ಇದ್ದರೆ ಉಪವಿಭಾಗ ಕಚೇರಿಯಲ್ಲಿ ಲೋಡ್ ಇಳಿಕೆಗೆ ಅರ್ಜಿ ಕೊಡಬಹುದು. ಆದರೆ ಅಂಚಿಗೆ ತಂದು ನಿಲ್ಲಿಸಬಾರದು. ಮಂಜೂರಾತಿ ಮೀರಿದ ಪಾಲಿಗೆ ಶುಲ್ಕ ದುಪ್ಪಟ್ಟು. ಅಡಿಕೆ ಸುಗ್ಗಿಯ ಒಂದೇ ತಿಂಗಳು ಮೀರಿದರೂ ಉಳಿಸಿದ ಹಣದಲ್ಲಿ ಒಂದು ಪಾಲು ಹೋಯಿತು.

ಕದ್ರಾದ ಕರೆಂಟು, ಬೆಂಗಳೂರಿನ ಲೆಕ್ಕಪುಸ್ತಕ

ಕೈಗಾದ ನಾಲ್ಕು ಘಟಕಗಳು ಸೇರಿ 880 ಮೆಗಾವ್ಯಾಟ್. ಜಲವಿದ್ಯುತ್ ಕೇಂದ್ರಗಳಲ್ಲಿ ಗಣೇಶಗುಡಿಯ ಸೂಪಾ 100, ಕೊಡಸಳ್ಳಿ 120, ಕದ್ರಾ 150, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ 240. ನಾಗಝರಿ ಒಂದೇ ಹೆಚ್ಚುಕಡಿಮೆ ಕೈಗಾದಷ್ಟು ದೊಡ್ಡದು. ಒಟ್ಟು ಕೂಡಿಸಿದರೆ ಜಿಲ್ಲೆಯೊಳಗಿನ ಉತ್ಪಾದನಾ ಸಾಮರ್ಥ್ಯ 2,300 ಮೆಗಾವ್ಯಾಟ್ ದಾಟುತ್ತದೆ. ಇಷ್ಟಿದ್ದೂ ಜೊಯಿಡಾದ ಬೇಕರಿಯವನು ಸಂಜೆ ಕ್ಯಾಂಡಲ್ ಹಚ್ಚುತ್ತಾನೆ ಎಂದರೆ ಸಿಟ್ಟು ಬರುವುದು ಸಹಜ.

ತಾಂತ್ರಿಕವಾಗಿ ನೋಡಿದರೆ ಕರೆಂಟು ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. ಕಾರವಾರದ ಅಂಗಡಿಯ ಬಲ್ಬಿಗೆ ಬರುವುದು ಬಹುಶಃ ಕದ್ರಾದಲ್ಲಿ ಹುಟ್ಟಿದ್ದೇ. ಆದರೆ ಹಣದ ಲೆಕ್ಕ ಹಾಗೆ ನಡೆಯುವುದಿಲ್ಲ. ಕೈಗಾ ಕೇಂದ್ರದ ಸ್ಥಾವರ. ಅದರ ಪಾಲು ದಕ್ಷಿಣದ ರಾಜ್ಯಗಳ ನಡುವೆ ಹಂಚಿಕೆಯಾಗುತ್ತದೆ. ಜಲವಿದ್ಯುತ್ ರಾಜ್ಯ ಸರ್ಕಾರದ ಕರ್ನಾಟಕ ವಿದ್ಯುತ್ ನಿಗಮದ್ದು (ಕೆಪಿಸಿ), ಅದು ರಾಜ್ಯದ ಒಟ್ಟು ಕೊಳಕ್ಕೆ ಸೇರಿ, ಅಲ್ಲಿಂದ ಎಸ್ಕಾಂಗಳಿಗೆ (ಹೆಸ್ಕಾಂನಂಥ ವಿತರಣಾ ಸಂಸ್ಥೆಗಳಿಗೆ) ಹಂಚಿಕೆಯಾಗುತ್ತದೆ. ಇನ್ನು ತಲೆಯ ಮೇಲೆ ಹಾದುಹೋಗುವ 400 ಕೆವಿ ಲೈನಿನಿಂದ ಕೆಳಗಿನ ಹಳ್ಳಿಗೆ ನೇರವಾಗಿ ಒಂದು ಬಲ್ಬನ್ನೂ ಉರಿಸಲಾಗದು. ಅದು 220ಕ್ಕೆ, 110ಕ್ಕೆ, 33 ಅಥವಾ 11 ಕೆವಿಗೆ ಇಳಿದು, ಕೊನೆಗೆ ಟಿಸಿಯಲ್ಲಿ 415 ವೋಲ್ಟ್ ಆಗಿ ಅಂಗಡಿ ತಲುಪಬೇಕು. ಈ ಮೆಟ್ಟಿಲುಗಳ ಕೊನೆಯ ಎರಡರಲ್ಲೇ ನಮ್ಮ ಜಿಲ್ಲೆಯ ಕಷ್ಟವೆಲ್ಲ ಇರುವುದು.

ರಿಯಾಯಿತಿ ಕೊಡಿ, ಕೊಡಬೇಡಿ

ರಿಯಾಯಿತಿ ಬೇಕೆನ್ನುವವರ ಕೈಯಲ್ಲಿ ಕಾನೂನಿನ ಒಂದು ಎಳೆ ಇದೆ. 2003ರ ವಿದ್ಯುತ್ ಕಾಯ್ದೆಯ 62(3)ನೇ ಸೆಕ್ಷನ್ ಪ್ರಕಾರ ಆಯೋಗ ಯಾವ ಗ್ರಾಹಕನಿಗೂ ಅನುಚಿತ ಒಲವು ತೋರುವಂತಿಲ್ಲ. ಆದರೆ ಲೋಡ್ ಫ್ಯಾಕ್ಟರ್ (ಲೋಡನ್ನು ಎಷ್ಟರಮಟ್ಟಿಗೆ ಬಳಸುತ್ತಾರೆ ಎಂಬುದು), ಪವರ್ ಫ್ಯಾಕ್ಟರ್, ವೋಲ್ಟೇಜ್, ಬಳಕೆಯ ಹೊತ್ತು ಇವುಗಳ ಜೊತೆ ಪ್ರದೇಶದ ಭೌಗೋಳಿಕ ಸ್ಥಾನವನ್ನೂ ನೋಡಿ ಬೇರೆ ಬೇರೆ ದರ ಇಡಬಹುದು. ನಗರಸಭೆ ವ್ಯಾಪ್ತಿ, ಗ್ರಾಮ ಪಂಚಾಯ್ತಿ ವ್ಯಾಪ್ತಿ ಎಂಬ ಭೇದ ರಾಜ್ಯದ ದರಪಟ್ಟಿಯಲ್ಲಿ ಇದ್ದುಬಂದದ್ದೂ ಉಂಟು. ನದಿ, ಕಾಡು, ಊರು ಕಳೆದುಕೊಂಡ ಜಿಲ್ಲೆಗೆ ಒಂದು ರೂಪಾಯಿ ಕಡಿಮೆ ಮಾಡಲು ಕಾನೂನಿನ ಅಡ್ಡಿ ಇಲ್ಲ ಎಂಬುದು ಅವರ ವಾದ.

ಎದುರು ವಾದವನ್ನು ಜಿಲ್ಲೆಯವರು ಅಷ್ಟಾಗಿ ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಂಡರೆ ಒಳ್ಳೆಯದು. ಭೌಗೋಳಿಕ ಸ್ಥಾನ ನೋಡಿ ದರ ಇಡುವ ಕತ್ತಿಗೆ ಎರಡೂ ಕಡೆ ಅಲಗು. ಒಂದು ಯೂನಿಟ್ಟನ್ನು ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ತಲುಪಿಸುವ ಖರ್ಚಿಗೂ ಘಟ್ಟದ ಕಾಡಿನಲ್ಲಿ ಚದುರಿರುವ ಐದಾರು ಮನೆ, ಒಂದು ಗಿರಣಿಗೆ ತಲುಪಿಸುವ ಖರ್ಚಿಗೂ ಹೋಲಿಕೆಯೇ ಇಲ್ಲ. ಕಿಲೋಮೀಟರ್‌ಗಟ್ಟಲೆ ಲೈನು, ಪ್ರತಿ ಮಳೆಗಾಲ ಮುರಿಯುವ ಕಂಬ, ಕಡಿಮೆ ಬಳಕೆ. ನಿಜವಾದ ಪೂರೈಕೆ ವೆಚ್ಚದ ಮೇಲೆ ದರ ಕಟ್ಟಿದರೆ ಜೊಯಿಡಾ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಈಗಿನದಕ್ಕಿಂತ ಹೆಚ್ಚೇ ಬಿದ್ದೀತು. ಏಕರೂಪದ ದರ ಎಂಬುದು ಲೆಕ್ಕದಲ್ಲಿ ಕಾಣದ ಒಂದು ರಿಯಾಯಿತಿ. ಅದನ್ನು ಈಗ ಅನುಭವಿಸುತ್ತಿರುವವರಲ್ಲಿ ನಾವೂ ಇದ್ದೇವೆ.

ತಂತಿ ಉದ್ದವಾದಷ್ಟೂ ಬಿಸಿಯಾಗುವ ಮೋಟಾರು

ಹತ್ತು ಎಚ್‌ಪಿಯ ತ್ರೀ ಫೇಸ್ ಮೋಟಾರು ಪೂರ್ತಿ ಲೋಡಿನಲ್ಲಿ ಸುಮಾರು 15 ಆಂಪಿಯರ್ ಎಳೆಯುತ್ತದೆ. ಹಳ್ಳಿಗಳ ಎಲ್‌ಟಿ ಲೈನಿನಲ್ಲಿ (ಟಿಸಿಯಿಂದ ಅಂಗಡಿಯವರೆಗಿನ 415 ವೋಲ್ಟ್ ಲೈನು) ಸಾಮಾನ್ಯವಾದ ‘ವೀಸೆಲ್’ ಎಂಬ ಬಗೆಯ ತಂತಿಯ ರೋಧ ಕಿಲೋಮೀಟರ್‌ಗೆ ಒಂದು ಓಮ್‌ಗಿಂತ ಸ್ವಲ್ಪ ಕಡಿಮೆ. ಟಿಸಿಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಈ ಮೋಟಾರು ಒಂದೇ ಓಡಿದರೂ ಸುಮಾರು 25 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 415 ವೋಲ್ಟಿಗೆ ಶೇ 6ರ ಏರಿಳಿತ ಒಪ್ಪಿತ ಮಿತಿ. ಅಂದರೆ 390ರವರೆಗೆ ಇಳಿಯಬಹುದು. ಒಂದೇ ಮೋಟಾರು ಆ ಮಿತಿಯನ್ನು ಪೂರ್ತಿ ತಿಂದುಹಾಕಿತು. ಇನ್ನು ಅದೇ ಲೈನಿನಲ್ಲಿ ತೋಟದ ಪಂಪ್‌ಸೆಟ್‌ಗಳು ಸೇರಿದರೆ 340ಕ್ಕೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ.

ವೋಲ್ಟೇಜ್ ಇಳಿದರೆ ಬಿಲ್ಲೂ ಇಳಿಯುತ್ತದೆ ಎಂದು ನಂಬಿದವರಿದ್ದಾರೆ. ಹೀಟರಿಗೆ, ಹಳೆಯ ಬಲ್ಬಿಗೆ ಅದು ಹೊಂದುತ್ತದೆ, ಮೋಟಾರಿಗಲ್ಲ. ಗಿರಣಿ ಅರೆಯುವ ಕೆಲಸ ಅಷ್ಟೇ ಇರುವುದರಿಂದ ಮೋಟಾರು ಕಡಿಮೆ ವೋಲ್ಟೇಜಿಗೆ ಹೆಚ್ಚು ಆಂಪಿಯರ್ ಎಳೆದು ಸರಿದೂಗಿಸುತ್ತದೆ. 340 ವೋಲ್ಟಿಗೆ ಸುಮಾರು ಶೇ 20 ಹೆಚ್ಚು ಕರೆಂಟು. ಕಾಯಿಲಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹೆಚ್ಚುಕಡಿಮೆ ಒಂದೂವರೆ ಪಟ್ಟು. ಇನ್ಸುಲೇಷನ್ ಬೇಗ ಸುಟ್ಟು ರಿವೈಂಡಿಂಗ್‌ಗೆ ಹೋಗುತ್ತದೆ. ಮೀಟರಿನ ಆಚೆಗಿನ ತಂತಿಯ ನಷ್ಟ ಹೆಸ್ಕಾಂ ಲೆಕ್ಕಕ್ಕೆ ಹೋದರೆ, ಮೀಟರಿನ ಈಚೆಗಿನ ಬಿಸಿ, ರಿವೈಂಡಿಂಗ್ ಖರ್ಚು, ಗಿರಣಿ ನಿಂತ ದಿನಗಳು ನಿಮ್ಮ ಲೆಕ್ಕಕ್ಕೆ.

ಇದಕ್ಕಿಂತ ಕೆಟ್ಟದ್ದು ಮೂರು ಫೇಸುಗಳಲ್ಲಿ ಒಂದು ಹೋಗುವುದು. ಗಾಳಿಮಳೆಗೆ ಕೊಂಬೆ ತಾಗಿ ಟಿಸಿಯ ಒಂದು ಫ್ಯೂಸ್ ಹಾರಿದರೆ ಓಡುತ್ತಿದ್ದ ಮೋಟಾರು ಎರಡು ಫೇಸಿನ ಮೇಲೇ ನರಳುತ್ತಾ ಓಡಿ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಸ್ಟಾರ್ಟರಿನಲ್ಲಿ, ಫೇಸು ಹೋದ ಕೂಡಲೇ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದೆ ಘಟ್ಟದ ಮೇಲೆ ಗಿರಣಿ ನಡೆಸುವುದು ಹೆಲ್ಮೆಟ್ ಇಲ್ಲದೆ ಅರಬೈಲ್ ಘಟ್ಟ ಇಳಿದ ಹಾಗೆ. ಓವರ್‌ಲೋಡ್ ರಿಲೇಯನ್ನು ‘ಪದೇ ಪದೇ ಟ್ರಿಪ್ ಆಗುತ್ತದೆ’ ಎಂದು ಮೇಲಕ್ಕೆ ತಿರುಗಿಸಿಡುವುದೂ ಬೇಡ. ಮೋಟಾರಿನ ಪ್ಲೇಟಿನ ಮೇಲಿರುವ ಆಂಪಿಯರ್‌ಗೇ ಇರಲಿ.

ಇನ್ನೊಂದು ತೊಡಕು ಫೀಡರಿನದು, ಅಂದರೆ ಸಬ್‌ಸ್ಟೇಷನ್ನಿನಿಂದ ಟಿಸಿಗಳಿಗೆ ಬರುವ ಲೈನಿನದು. ಪಂಪ್‌ಸೆಟ್ಟಿನ ಲೈನನ್ನು ಊರಿನ ಲೈನಿನಿಂದ ಬೇರೆ ಮಾಡುವುದು ನಿರಂತರ ಜ್ಯೋತಿ ಯೋಜನೆಯ ಗುರಿ. ಬೇರೆಯಾಗದ ಕಡೆ ಗಿರಣಿ, ಎಣ್ಣೆ ಗಾಣ, ಅಡಿಕೆ ಸುಲಿಯುವ ಯಂತ್ರ ಎಲ್ಲಕ್ಕೂ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಂದಾಗಲಷ್ಟೇ ಕೆಲಸ. ಅದು ರಾತ್ರಿ ಪಾಳಿಯಾದರೆ ಆಳು ಸಿಗುವುದಿಲ್ಲ. ಜಾಗ ಬಾಡಿಗೆ ಹಿಡಿಯುವ ಮೊದಲು ಬಾಡಿಗೆ ಎಷ್ಟು ಎಂದು ಕೇಳುವವರು ಇದು ಯಾವ ಫೀಡರು, ಟಿಸಿ ಎಷ್ಟು ದೂರ, ಎಷ್ಟು ಕೆವಿಎ ಎಂದೂ ಕೇಳಬೇಕು. ಈ ಮೂರೂ ಲೈನ್‌ಮನ್‌ಗೆ ಬಾಯಲ್ಲೇ ಇರುತ್ತವೆ.

ಕರೆಂಟಿಲ್ಲದ ಗಂಟೆಯ ಬೆಲೆ

ಸಣ್ಣ ಜನರೇಟರು ಒಂದು ಲೀಟರ್ ಡೀಸೆಲ್‌ಗೆ ಮೂರು, ಬಹಳವೆಂದರೆ ಮೂರೂವರೆ ಯೂನಿಟ್ ಕೊಡುತ್ತದೆ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದರೆ ಯೂನಿಟ್‌ಗೆ 26ರಿಂದ 30 ರೂಪಾಯಿ. ಆಯಿಲ್, ಫಿಲ್ಟರ್, ಸವಕಳಿ ಇದರಲ್ಲಿ ಸೇರಿಲ್ಲ.

10 ಕಿಲೋವ್ಯಾಟ್ ಲೋಡಿರುವ ಹೋಟೆಲೊಂದು ಮಳೆಗಾಲದಲ್ಲಿ ದಿನಕ್ಕೆ ಎರಡು ಗಂಟೆ ಜನರೇಟರ್ ಓಡಿಸಿತು ಎನ್ನಿ. ತಿಂಗಳಿಗೆ 600 ಯೂನಿಟ್. ಹೆಸ್ಕಾಂ ಕರೆಂಟು ಎಲ್ಲ ಸೇರಿ ಯೂನಿಟ್‌ಗೆ 8 ರೂಪಾಯಿ ಬೀಳುತ್ತದೆ, ಜನರೇಟರಿನದು 30 ಎಂದು ಹಿಡಿದರೆ ವ್ಯತ್ಯಾಸ 22 ರೂಪಾಯಿ, ತಿಂಗಳಿಗೆ 13,200. ಅದೇ ಹೋಟೆಲು ತಿಂಗಳಿಗೆ 3,000 ಯೂನಿಟ್ ಬಳಸಿದರೆ ಇಷ್ಟೆಲ್ಲ ಸದ್ದು ಮಾಡಿದ 36 ಪೈಸೆಯ ಸರ್ಚಾರ್ಜ್ ಎಷ್ಟಾಯಿತು? 1,080 ರೂಪಾಯಿ. ಪೈಸೆಗೆ ಧರಣಿ ಕೂತು ಕೊಂಬೆ ಕಡಿಯದ ಲೈನಿನ ಬಗ್ಗೆ ಸುಮ್ಮನಿರುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಜನರೇಟರನ್ನು ತೀರ ದೊಡ್ಡದು ತರುವುದೂ ತಪ್ಪೇ. 25 ಕೆವಿಎ ಯಂತ್ರಕ್ಕೆ 4 ಕಿಲೋವ್ಯಾಟ್ ಲೋಡು ಹಾಕಿದರೆ ಅದು ಡೀಸೆಲನ್ನು ಅರೆಬರೆ ಸುಡುತ್ತದೆ, ಸೈಲೆನ್ಸರಿನಲ್ಲಿ ಎಣ್ಣೆಮಸಿ ಕಟ್ಟುತ್ತದೆ, ಲೀಟರಿಗೆ ಎರಡೇ ಯೂನಿಟ್ ಬಂದರೂ ಬಂತು. ಫ್ರಿಜ್, ಲೈಟು, ಬಿಲ್ಲಿಂಗ್ ಯಂತ್ರಕ್ಕೆ ಇನ್ವರ್ಟರು; ಗ್ರೈಂಡರು, ನೀರಿನ ಪಂಪನ್ನು ಕರೆಂಟಿದ್ದಾಗ ಮುಗಿಸಿಕೊಳ್ಳುವುದು. ಸಣ್ಣ ಹೋಟೆಲಿಗೆ ಇಷ್ಟು ಸಾಕಾಗುತ್ತದೆ.

ಕೆಟ್ಟ ಟಿಸಿ ಬದಲಾಯಿಸಲು ಎಸ್ಕಾಂಗೆ ಕೊಟ್ಟಿರುವ ಗಡುವು ಕೂಡ ಪೇಟೆಗೆ ಕಡಿಮೆ, ಹಳ್ಳಿಗೆ ಹೆಚ್ಚು. ವಿಳಂಬ ಎಂಬುದು ನಿಯಮದಲ್ಲೇ ಊರು ನೋಡಿ ಬರೆದಿದೆ ಎಂದಾಯಿತು. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಂಡರೆ ಗಡುವು ಶುರುವಾದದ್ದಕ್ಕೆ ದಾಖಲೆ ಇರುತ್ತದೆ. ಲೈನ್‌ಮನ್‌ಗೆ ಫೋನು ಮಾಡಿದರೆ ಕೆಲಸ ಬೇಗ ಆಗಬಹುದು, ದಾಖಲೆ ಆಗುವುದಿಲ್ಲ. ಕಡಿಮೆ ವೋಲ್ಟೇಜಿನ ದೂರಿಗೆ ಹದಿನೈದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಏಳಕ್ಕೆ, ರಾತ್ರಿ ಓದಿದ ವೋಲ್ಟೇಜಿನ ಪಟ್ಟಿ ಲಗತ್ತಿಸಿದರೆ ಅದಕ್ಕೆ ತೂಕ ಬರುತ್ತದೆ. ಮುಂದೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬೇಕಾದರೂ ಅದೇ ಆಧಾರ.

ಉಪ್ಪುಗಾಳಿ ತಿನ್ನುವ ಯೂನಿಟ್

ಘಟ್ಟದ ಕೆಳಗೆ ಬಂದರೆ ಕಷ್ಟದ ಬಗೆ ಬೇರೆ. ಬೈತಖೋಲ, ತದಡಿ, ಕಾಸರಕೋಡ, ಭಟ್ಕಳದ ಬಂದರುಗಳ ಸುತ್ತ ಕರೆಂಟಿನ ದೊಡ್ಡ ಗಿರಾಕಿಗಳು ಐಸ್ ಪ್ಲಾಂಟುಗಳು. 28 ಡಿಗ್ರಿಯ ಬಾವಿ ನೀರನ್ನು ಸೊನ್ನೆಗಿಳಿಸಿ, ಗಡ್ಡೆ ಕಟ್ಟಿಸಿ, ಇನ್ನಷ್ಟು ತಣಿಸಲು ಕೆಜಿಗೆ ಸುಮಾರು 470 ಕಿಲೋಜೌಲ್ ಶಾಖ ತೆಗೆಯಬೇಕು. ಕಂಪ್ರೆಸರು ಚೆನ್ನಾಗಿದ್ದರೆ ಒಂದು ಟನ್ ಐಸಿಗೆ 50ರಿಂದ 70 ಯೂನಿಟ್. ದಿನಕ್ಕೆ ಹತ್ತು ಟನ್ ಮಾಡುವವನು ಐನೂರರಿಂದ ಏಳುನೂರು ಯೂನಿಟ್ ಸುಡುತ್ತಾನೆ. ಐವತ್ತಕ್ಕೂ ಎಪ್ಪತ್ತಕ್ಕೂ ನಡುವಿನ ಅಂತರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಶಾಖ ಹೊರಹಾಕುವ ಕಂಡೆನ್ಸರಿನ ಸ್ಥಿತಿ.

ಕಂಡೆನ್ಸರ್ ತಾಪ ಒಂದು ಡಿಗ್ರಿ ಏರಿದರೆ ಕಂಪ್ರೆಸರಿನ ಖರ್ಚು ಶೇ 2ರಿಂದ 3 ಏರುತ್ತದೆ. ಸಮುದ್ರದ ಪಕ್ಕದಲ್ಲಿ ಕೋಲ್ಡ್ ರೂಮ್, ಎಸಿ, ಡೀಪ್ ಫ್ರೀಜರುಗಳ ಅಲ್ಯೂಮಿನಿಯಂ ರೆಕ್ಕೆಗಳು ತಾಮ್ರದ ಕೊಳವೆಗೆ ಅಂಟಿಕೊಂಡಿರುವ ಕಡೆ ಉಪ್ಪುನೀರಿನ ಪಸೆ ಬಿದ್ದರೆ ಅದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಮ್ಮನ್ನು ಬಿಳಿ ಪುಡಿಯಾಗಿಸುತ್ತದೆ. ರೆಕ್ಕೆ ಉದುರಿದರೆ ಶಾಖ ಹೊರಹೋಗುವುದಿಲ್ಲ, ತಾಪ ಐದು ಡಿಗ್ರಿ ಏರುತ್ತದೆ, ಬಿಲ್ಲು ಶೇ 10ರಿಂದ 15 ಏರುತ್ತದೆ. ಶಿರಸಿಯ ಅಂಗಡಿಯಲ್ಲಿ ಹತ್ತು ವರ್ಷ ಬಾಳುವ ಫ್ರೀಜರು ಕಡಲ ಬದಿಯಲ್ಲಿ ಅದರ ಅರ್ಧ ಬಾಳಿದರೆ ಹೆಚ್ಚು. ಉಪಾಯ ಸರಳ: ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ, ಕಡಿಮೆ ಒತ್ತಡದಲ್ಲಿ ರೆಕ್ಕೆಯನ್ನು ತೊಳೆಯುವುದು. ಪಂಪಿನ ಜೋರು ನೀರು ಬಿಟ್ಟರೆ ರೆಕ್ಕೆ ಮಡಚಿ ಇನ್ನೂ ಕೆಡುತ್ತದೆ. ಹೊಸದು ತರುವಾಗ ರೆಕ್ಕೆಗೆ ಲೇಪನ ಇರುವುದನ್ನೇ ಕೇಳಬೇಕು. ಹೊರಘಟಕ ಕಡಲಿನ ಕಡೆ ಮುಖಮಾಡದೆ ಗೋಡೆಯ ಮರೆಯಲ್ಲಿರಬೇಕು, ಹಾಗೆಂದು ಗಾಳಿಯಾಡದ ಸಂದಿಯಲ್ಲೂ ಅಲ್ಲ.

ಕೆಪಾಸಿಟರಿನದೂ ಇದೇ ಕತೆ. ಹತ್ತು ಎಚ್‌ಪಿ ಮೋಟಾರಿಗೆ ಸುಮಾರು 4 ಕೆವಿಎಆರ್ ಅಳತೆಯ ಕೆಪಾಸಿಟರ್ ಕೂಡಿಸಿದರೆ ಪವರ್ ಫ್ಯಾಕ್ಟರ್ 0.8ರಿಂದ 0.95ರ ಆಸುಪಾಸಿಗೆ ಬರುತ್ತದೆ. ಕರಾವಳಿಯ ಪಸೆಗೆ ಟರ್ಮಿನಲ್ ತುಕ್ಕು ಹಿಡಿದು ಒಂದು ಫೇಸು ಬಿಟ್ಟುಹೋಗಿದ್ದರೂ ಕೆಪಾಸಿಟರ್ ನೋಡಲು ಹಾಗೇ ಇರುತ್ತದೆ. ಬಿಲ್ಲಿನಲ್ಲಿ ದಂಡ ಬಂದ ಮೇಲೇ ಗೊತ್ತಾಗುವುದು. ಮಳೆಗಾಲಕ್ಕೆ ಮೊದಲು, ಮುಗಿದ ಮೇಲೆ ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಆಂಪಿಯರ್ ನೋಡಿಸಿದರೆ ಸಾಕು.

ಎರಡು ತಿಂಗಳ ಬಾಗಿಲು

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಬೋಟು ದಡದಲ್ಲಿದ್ದರೆ ಐಸು ಯಾರಿಗೆ? 40 ಕಿಲೋವ್ಯಾಟ್ ಮಂಜೂರಾತಿಯ ಪ್ಲಾಂಟಿಗೆ ಮೇಲಿನ 150 ರೂಪಾಯಿ ಲೆಕ್ಕದಲ್ಲೇ ಆ ಎರಡು ತಿಂಗಳಿಗೆ 12,000 ರೂಪಾಯಿ ಬರಿದೇ ಹೋಗುತ್ತದೆ. ಗೋಕರ್ಣ, ಮುರ್ಡೇಶ್ವರದ ಪ್ರವಾಸಿಗಳ ಹೋಟೆಲುಗಳಿಗೂ ಮಳೆಗಾಲ ಮಂಕು.

ಋತುಮಾನದ ಕೈಗಾರಿಕೆಗಳಿಗೆ ದರ ಆದೇಶದಲ್ಲಿ ಪ್ರತ್ಯೇಕ ಷರತ್ತುಗಳಿವೆ. ಕೆಲಸವಿಲ್ಲದ ತಿಂಗಳುಗಳನ್ನು ಮುಂಚಿತವಾಗಿ ಲಿಖಿತವಾಗಿ ಘೋಷಿಸಿದರೆ ಆ ಅವಧಿಗೆ ಶುಲ್ಕ ಕಡಿಮೆ. ಆದರೆ ಆ ತಿಂಗಳ ಬಳಕೆ ಸೀಸನ್ನಿನ ಸರಾಸರಿಯ ಒಂದು ಪಾಲನ್ನು ಮೀರಿದರೆ ಸೌಲಭ್ಯ ತಪ್ಪುತ್ತದೆ. ನಿಷೇಧ ಶುರುವಾದ ಮೇಲೆ ಅರ್ಜಿ ಹಿಡಿದು ಹೋದರೆ ಫಲವಿಲ್ಲ. ನಿಮ್ಮ ಬಗೆಯ ಘಟಕ ಆ ಪಟ್ಟಿಯಲ್ಲಿದೆಯೇ, ಮೀಟರು ಅದಕ್ಕೆ ತಕ್ಕದ್ದೇ ಎಂದು ಏಪ್ರಿಲ್‌ನಲ್ಲೇ ಉಪವಿಭಾಗದಲ್ಲಿ ಕೇಳಬೇಕು.

ಮನೆಯ ಜಗುಲಿಯಲ್ಲೇ ಉದ್ದಿಮೆ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಗೃಹಜ್ಯೋತಿಯ 200 ಯೂನಿಟ್ ವಾಸದ ಮನೆಗೆ. ಅದೇ ಮೀಟರಿನಲ್ಲಿ ಹಪ್ಪಳದ ಯಂತ್ರ, ಐಸ್‌ಕ್ರೀಂ ಫ್ರೀಜರು ಓಡಿಸಿ ಸಿಕ್ಕಿಬಿದ್ದರೆ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಬರುತ್ತದೆ. ಅನ್ವಯಿಸುವ ದರದ ಎರಡು ಪಟ್ಟು, ಎಂದಿನಿಂದ ಎಂದು ತಿಳಿಯದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ. ಜಗುಲಿಗೆ ಬೇರೆ ಮೀಟರ್ ಹಾಕಿಸುವ ಖರ್ಚು ಇದರ ಮುಂದೆ ಸಣ್ಣದು.

ಗ್ಯಾಸು, ಡೀಸೆಲ್ಲು, ಸೌದೆ

19 ಕೆಜಿಯ ವಾಣಿಜ್ಯ ಸಿಲಿಂಡರಿನ ದರ ಸಾಮಾನ್ಯವಾಗಿ ತಿಂಗಳ ಮೊದಲ ದಿನ ಬದಲಾಗುತ್ತದೆ. ಸಾಗಣೆ ಸೇರಿ ಊರಿಂದೂರಿಗೆ ವ್ಯತ್ಯಾಸವಿರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗ್ಯಾಸ್ ಟ್ಯಾಂಕರು ಗಂಗಾವಳಿಗೆ ಬಿತ್ತು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಯಿತು. ಆ ಆಗಸ್ಟ್‌ನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆಯೂ ಬಿತ್ತು. ಒಂದೇ ರಸ್ತೆಯನ್ನು ನೆಚ್ಚಿದ ಊರಿನಲ್ಲಿ ಮಳೆಗಾಲಕ್ಕೆ ಒಂದೆರಡು ಸಿಲಿಂಡರ್ ಹೆಚ್ಚು ಇಟ್ಟುಕೊಳ್ಳಬೇಕಾಗುತ್ತದೆ, ಅಷ್ಟು ಬಂಡವಾಳ ಸುಮ್ಮನೆ ಕೂರುತ್ತದೆ.

ಡೀಸೆಲ್‌ನಲ್ಲಿ ಕಾರವಾರಕ್ಕೆ ಒಂದು ಅನುಕೂಲ ಇದೆ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ 21.17ಕ್ಕೆ ಏರಿದ ಮೇಲೆ ಮಾಜಾಳಿ ಗಡಿ ದಾಟಿ ಗೋವಾದ ಪೋಳೆಂನಲ್ಲಿ ತುಂಬಿಸಿಕೊಂಡು ಬರುವ ಸರಕು ಗಾಡಿಗೆ ಅದು ಅಗ್ಗ. ಕುಮಟಾದವನಿಗೆ ಹೋಗಿಬರುವ ಖರ್ಚಿನಲ್ಲೇ ಆ ಲಾಭ ಕರಗುತ್ತದೆ. ಮೀನುಗಾರಿಕಾ ಬೋಟುಗಳಿಗೆ ತೆರಿಗೆ ವಿನಾಯಿತಿಯ ಡೀಸೆಲ್ ಸಿಗುತ್ತದೆ. ಅದೇ ಬಂದರಿನ ಐಸ್ ಪ್ಲಾಂಟಿನ ಜನರೇಟರಿಗೆ ಸಿಗುವುದಿಲ್ಲ.

ಘಟ್ಟದ ಮೇಲೆ ಅಡಿಕೆ ಬೇಯಿಸಲು ಸೊಪ್ಪಿನ ಬೆಟ್ಟದ ಸೌದೆ, ಗೇರುಬೀಜದ ಕಾರ್ಖಾನೆಗೆ ಅದರದೇ ಸಿಪ್ಪೆ, ಎಣ್ಣೆ ಗಾಣದವನಿಗೆ ತೆಂಗಿನ ಕರಟ. ಊರು ಕೊಡುವ ಲಾಭ ಎಂದರೆ ಇದು. ಒದ್ದೆ ಸೌದೆಯ ಬೆಂಕಿಯಲ್ಲಿ ಒಂದು ಪಾಲು ನೀರು ಆರಿಸುವುದಕ್ಕೇ ಹೋಗುತ್ತದೆ. ಮಳೆ ಬೀಳುವ ಮೊದಲೇ ಕೊಟ್ಟಿಗೆಗೆ ಹಾಕಿದವನು ಗೆದ್ದ.

ಬಿಸಿಲಿನ ಲೆಕ್ಕ

ಸೋಲಾರ್ ಹಾಕಿಸಿ ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಮನೆಗಳಿಗೆ, ಅಂಗಡಿಗೆ ಅಲ್ಲ. ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ ಎಂಬ ಅಂದಾಜು ಬಯಲುಸೀಮೆಗೆ ಸರಿ. ನಮ್ಮಲ್ಲಿ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಅದರ ಅರ್ಧಕ್ಕೂ ಇಳಿಯುವ ದಿನಗಳು ಬೇಕಾದಷ್ಟಿರುತ್ತವೆ. ಹಂಚಿನ ಮಾಡು, ಪಕ್ಕದ ಹಲಸಿನ ಮರದ ನೆರಳು ಬೇರೆ.

ಆದರೆ ಐಸ್ ಪ್ಲಾಂಟಿಗೆ ಇದು ಅಚ್ಚರಿಯಾಗುವಷ್ಟು ಹೊಂದುತ್ತದೆ. ಸೋಲಾರ್ ಮಲಗುವ ತಿಂಗಳಲ್ಲೇ ಮೀನುಗಾರಿಕೆಯೂ ಮಲಗುತ್ತದೆ. ನವೆಂಬರಿನಿಂದ ಮೇವರೆಗಿನ ಕಡು ಬಿಸಿಲಿಗೆ ಐಸಿನ ಬೇಡಿಕೆಯೂ ಏರುತ್ತದೆ. ಅಡಿಕೆ ಸುಗ್ಗಿಯೂ ಬಿಸಿಲಿನ ಕಾಲದ್ದೇ. ವರ್ಷವಿಡೀ ಒಂದೇ ಬಳಕೆಯ ಬೇಕರಿಗೆ ಈ ಹೊಂದಾಣಿಕೆ ಇಲ್ಲ. ಹಾಕಿಸುವವರು ಉಪ್ಪುಮಂಜಿನ ಪರೀಕ್ಷೆ ಪಾಸಾದ ಪ್ಯಾನೆಲ್ (ಐಇಸಿ 61701), ಅಲ್ಯೂಮಿನಿಯಂ ಚೌಕಟ್ಟು, 316 ದರ್ಜೆಯ ಸ್ಟೀಲ್ ಬೋಲ್ಟ್ ಎಂದು ಕೊಟೇಷನ್ನಿನಲ್ಲೇ ಬರೆಸಬೇಕು. 304 ದರ್ಜೆಯ ಬೋಲ್ಟ್ ಕಡಲ ಬದಿಯಲ್ಲಿ ಬೇಗ ಕೆಂಪಾಗುತ್ತದೆ.

ಮುಂದೆ ಏನಾಗಬಹುದು

2025ರ ಅಕ್ಟೋಬರಿನಲ್ಲಿ ಕೇಂದ್ರ ಪ್ರಕಟಿಸಿದ ವಿದ್ಯುತ್ ತಿದ್ದುಪಡಿ ಮಸೂದೆಯ ಕರಡು ದರವು ಪೂರೈಕೆಯ ನಿಜ ವೆಚ್ಚವನ್ನು ತೋರಿಸಬೇಕು ಎನ್ನುತ್ತದೆ. ಒಂದೇ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಪೂರೈಕೆ ಮಾಡಲು ದಾರಿ ತೆರೆಯುತ್ತದೆ. ಹೊಸ ಸಂಸ್ಥೆ ಬಂದರೆ ಮೊದಲು ಬರುವುದು ಹುಬ್ಬಳ್ಳಿ, ಬೆಳಗಾವಿಯಂಥ ಒತ್ತೊತ್ತಾದ ಮಾರುಕಟ್ಟೆಗೆ, ದೇವಿಮನೆ ಘಟ್ಟಕ್ಕಲ್ಲ. ಲಾಭದ ಗಿರಾಕಿಗಳು ಅತ್ತ ಹೋದರೆ ಉಳಿದ ಉದ್ದನೆಯ ಲೈನುಗಳ ಖರ್ಚು ಉಳಿದವರ ಮೇಲೇ. ಇದಕ್ಕೆ ಉತ್ಪಾದನೆಯ ಜಿಲ್ಲೆ ಎಂಬ ಹಕ್ಕೊತ್ತಾಯದ ಉತ್ತರ ಕೊಡಬೇಕಾದರೆ ಯೂನಿಟ್‌ಗೆ ಇಷ್ಟು ಪೈಸೆ ಇಳಿಸಿ ಎಂದು ಕೇಳುವುದಕ್ಕಿಂತ ಕಾಡಿನೊಳಗಿನ 11 ಕೆವಿ ಲೈನಿಗೆ ಹೊದಿಕೆ ಇರುವ ತಂತಿ, ಹಳ್ಳಿಗೆ ಚಿಕ್ಕ ಚಿಕ್ಕ ಟಿಸಿಗಳು, ಬೇರೆಯಾದ ಫೀಡರು, ಮೇ ತಿಂಗಳೊಳಗೆ ಕೊಂಬೆ ಕಡಿಸುವ ಲಿಖಿತ ವೇಳಾಪಟ್ಟಿ ಕೇಳುವುದು ಹೆಚ್ಚು ಹಣ ಉಳಿಸುತ್ತದೆ. ಹೊದಿಕೆ ತಂತಿ ತುಟ್ಟಿ ಎಂದು ಹೆಸ್ಕಾಂ ಹೇಳುತ್ತದೆ ಎನ್ನಿ. ಹೋಟೆಲಿನವನ 13,200 ರೂಪಾಯಿಯನ್ನು ಒಂದು ಫೀಡರಿನ ಅಂಗಡಿಗಳ ಸಂಖ್ಯೆಯಿಂದ ಗುಣಿಸಿದ ಪಟ್ಟಿ ಎದುರಿಗಿಟ್ಟು ಮಾತಾಡಬಹುದು. ಹೆಸ್ಕಾಂ ದರ ಅರ್ಜಿ ಸಲ್ಲಿಸಿದಾಗ ಆಯೋಗ ಸಾರ್ವಜನಿಕ ಆಕ್ಷೇಪಣೆ ಕರೆಯುತ್ತದೆ; ಆ ಪಟ್ಟಿ ಹೋಗಬೇಕಾದ ಜಾಗ ಅದು.